ರೋಗಿಗಳ ಮನೆಯ ಪಾರುಪತ್ಯಗಾರ: ಸಂತ ಕಮಿಲ್ಲಸ್ ದೆ ಲೆಲ್ಲಿಸ್

ದೇವಾಲಯವೊಂದು ನೂರು ವರ್ಷ ತುಂಬಿದಾಗ ಅದನ್ನು ಕಟ್ಟಿದವರನ್ನೂ ಬೆಳೆಸಿದವರನ್ನೂ ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಹಾಗೆ ನೆನೆಯುವಾಗ ಪೂಜಾಪೀಠದ ಮುಂದೆ ನಿಂತವರು ಬೇಗ ಕಣ್ಣಿಗೆ ಬೀಳುತ್ತಾರೆ. ಲೆಕ್ಕಪತ್ರ ನೋಡಿದವರು, ಉಗ್ರಾಣ ಕಾಯ್ದವರು, ಇದ್ದುದರಲ್ಲೇ ಎಲ್ಲರಿಗೂ ಸಾಲುವಂತೆ ಹಂಚಿದವರು ಮರೆಯಲ್ಲಿಯೇ ಉಳಿದುಬಿಡುತ್ತಾರೆ. ಆಡಳಿತವೆಂದರೆ ಲೌಕಿಕ, ಭಕ್ತಿಯೆಂದರೆ ಪಾರಮಾರ್ಥಿಕ ಎಂಬ ಭೇದ ನಮ್ಮ ಮನಸ್ಸಿನಲ್ಲಿ ಎಲ್ಲಿಯೋ ಬೇರೂರಿದೆ. ಈ ಭೇದವನ್ನು ತಮ್ಮ ಬದುಕಿನಿಂದಲೇ ಅಳಿಸಿಹಾಕಿದ ಸಂತರೊಬ್ಬರಿದ್ದಾರೆ. ಅವರು ರೋಮ್ ನಗರದ ಒಂದು ಆಸ್ಪತ್ರೆಯಲ್ಲಿ ಮೊದಲು ರೋಗಿ, ಆಮೇಲೆ ಕೂಲಿಯಾಳು, ಕೊನೆಗೆ ಪಾರುಪತ್ಯಗಾರರಾಗಿದ್ದವರು. ಅವರೇ ಸಂತ ಕಮಿಲ್ಲಸ್ ದೆ ಲೆಲ್ಲಿಸರು. ಪ್ರತಿವರ್ಷ ಜುಲೈ 14ರಂದು ಧರ್ಮಸಭೆ ಅವರನ್ನು ಸ್ಮರಿಸುತ್ತದೆ. ಅವರ ಪವಾಡಗಳ ಕಥೆಗಳನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಅವರು ಆಸ್ಪತ್ರೆಯನ್ನು ನಡೆಸಿದ ಬಗೆಯನ್ನು ಕೇಳಿದವರು ವಿರಳ. ಆದುದರಿಂದ ಅದನ್ನೇ ಇಲ್ಲಿ ಹೇಳಲು ಯತ್ನಿಸುತ್ತೇವೆ.

ಜೂಜುಗಾರ ಸಿಪಾಯಿ

ಇಟಲಿಯ ಅಬ್ರುಟ್ಸೊ ಸೀಮೆಯ ಬುಕ್ಕಿಯಾನಿಕೊ ಎಂಬ ಊರಿನಲ್ಲಿ 1550ನೆಯ ಇಸವಿ ಮೇ 25ರಂದು ಕಮಿಲ್ಲಸನು ಜನಿಸಿದನು. ತಂದೆ ಸೈನ್ಯದಲ್ಲಿ ಅಧಿಕಾರಿ. ತಾಯಿಗೆ ಆಗಲೇ ಮುಪ್ಪು ಸಮೀಪಿಸಿತ್ತು. ಎದೆಯ ಮೇಲೆ ಶಿಲುಬೆ ಧರಿಸಿದ ಬಾಲಕನೊಬ್ಬನು ಅದೇ ಗುರುತಿನ ಒಂದು ಗುಂಪನ್ನು ಮುನ್ನಡೆಸುವಂತೆ ಆಕೆ ಕನಸು ಕಂಡಳೆಂದೂ, ಮಗನು ಕಳ್ಳಕಾಕರ ನಾಯಕನಾಗುವನೋ ಏನೋ ಎಂದು ಅಂಜಿದಳೆಂದೂ ಪ್ರತೀತಿಯಿದೆ. ಮಗನ ನಡತೆಯೂ ಆ ಅಂಜಿಕೆಗೆ ಇಂಬು ಕೊಡುವಂತೆಯೇ ಇತ್ತು. ಹದಿಹರೆಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಹುಡುಗ ತಂದೆಯ ಜೊತೆ ದಂಡಿನ ಪಾಳೆಯಗಳಲ್ಲಿ ಬೆಳೆದನು. ಆರೂವರೆ ಅಡಿ ಎತ್ತರ, ಮುಂಗೋಪ, ಇಸ್ಪೀಟಿನ ಹುಚ್ಚು. 1570ರಲ್ಲಿ ತಂದೆಯೂ ತೀರಿಕೊಂಡ ಮೇಲೆ ಉಳಿದದ್ದು ಒಂದು ಕತ್ತಿ, ಕಾಲಿನ ಮೇಲೆ ಒಂದು ಹುಣ್ಣು.

ಆ ಹುಣ್ಣೇ ಅವನನ್ನು ರೋಮಿನ ಸಾನ್ ಜಾಕೊಮೊ ಆಸ್ಪತ್ರೆಯ ಬಾಗಿಲಿಗೆ ತಂದಿತು. ವಾಸಿಯಾಗದ ರೋಗಗಳಿಂದ ನರಳುವವರಿಗಾಗಿ ಇದ್ದ ಆಸ್ಪತ್ರೆ ಅದು. 1571ರಲ್ಲಿ ಅಲ್ಲಿ ಚಿಕಿತ್ಸೆ ಪಡೆಯುತ್ತ, ಅದರ ಋಣಕ್ಕೆ ಆಳಿನ ಕೆಲಸ ಮಾಡುತ್ತ ಕೆಲವು ತಿಂಗಳು ಕಳೆದನು. ಆದರೆ ದಿಂಬಿನ ಕೆಳಗೆ ಇಸ್ಪೀಟು ಎಲೆ, ಬಾಯಲ್ಲಿ ಜಗಳ. ಆಸ್ಪತ್ರೆಯವರು ಅವನನ್ನು ಹೊರಗೆ ಹಾಕಿದರು. ಮುಂದೆ ಇದೇ ಆಸ್ಪತ್ರೆಯ ಬೀಗದ ಕೈ ಇವನ ಸೊಂಟದಲ್ಲಿ ತೂಗುವುದೆಂದು ಅಂದು ಯಾರು ತಾನೆ ಊಹಿಸಿದ್ದಾರು?

ವೆನಿಸ್ ಗಣರಾಜ್ಯದ ಸೈನ್ಯದಲ್ಲಿ ತುರ್ಕರ ಎದುರು ಕಾದಾಡಿದನು. ಗಳಿಸಿದುದನ್ನೆಲ್ಲ ಜೂಜಿನಲ್ಲಿ ನೀಗಿದನು. ನೇಪಲ್ಸಿನ ಬೀದಿಯಲ್ಲಿ ಮೈಮೇಲಿನ ಅಂಗಿಯನ್ನೂ ಪಣವೊಡ್ಡಿ ಸೋತನೆಂದು ಹೇಳುತ್ತಾರೆ. 1574ರ ಚಳಿಗಾಲದಲ್ಲಿ ಮಾನ್ಫ್ರೆದೋನಿಯ ಪಟ್ಟಣದ ಒಂದು ದೇವಾಲಯದ ಬಾಗಿಲಲ್ಲಿ ಭಿಕ್ಷೆಗೆ ನಿಂತಿದ್ದವನಿಗೆ ಕಪುಚಿನ್ ಸನ್ಯಾಸಿಗಳ ಮಠ ಕಟ್ಟುವ ಕಡೆ ಕೂಲಿ ದೊರೆಯಿತು. 1575ರ ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ಹಿಂದಿನ ಸಂಜೆ ಮಠಾಧಿಪತಿಗಳು ಹೇಳಿದ ಹಿತವಚನವನ್ನು ಮೆಲುಕು ಹಾಕುತ್ತ ದಾರಿ ಸಾಗುತ್ತಿದ್ದ ಕಮಿಲ್ಲಸನು ತನ್ನ ವಾಹನದಿಂದ ಇಳಿದು ನೆಲಕ್ಕೆ ಕುಸಿದು ಅತ್ತನು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅಂದಿನಿಂದ ಅವರ ಬಾಳು ಬೇರೆಯಾಯಿತು.

ಬೀಗದ ಕೈ ಕೈಗೆ ಬಂದಾಗ

ಕಪುಚಿನ್ ಸಭೆ ಸೇರಬೇಕೆಂಬುದು ಕಮಿಲ್ಲಸರ ಹಂಬಲವಾಗಿತ್ತು. ಒರಟು ಸನ್ಯಾಸಿವಸ್ತ್ರ ತಾಗಿ ಕಾಲಿನ ಹುಣ್ಣು ಮತ್ತೆ ಬಾಯಿ ಬಿಟ್ಟಿತು. ಸಭೆಯವರು ವಿಷಾದದಿಂದಲೇ ಅವರನ್ನು ಕಳುಹಿಸಿಕೊಟ್ಟರು. ಮರಳಿ ಸಾನ್ ಜಾಕೊಮೊ ಆಸ್ಪತ್ರೆ, ಗುಣವಾದ ಮೇಲೆ ಮರಳಿ ಮಠ, ಮರಳಿ ಹುಣ್ಣು. ಎರಡನೆಯ ಸಲ ಹಿಂದಿರುಗಿದಾಗ, 1579ರಲ್ಲಿ, ಇನ್ನು ತಮ್ಮ ಮಠ ಇದೇ ಆಸ್ಪತ್ರೆಯೆಂದು ಅವರು ಒಪ್ಪಿಕೊಂಡರು. ಆಡಳಿತ ಮಂಡಳಿಯವರು ಅವರ ನಿಷ್ಠೆಯನ್ನು ಕಂಡು ಆಸ್ಪತ್ರೆಯ ಒಳಾಡಳಿತವನ್ನೇ ಅವರಿಗೆ ವಹಿಸಿದರು. ಅಡುಗೆಮನೆ, ಉಗ್ರಾಣ, ಹಾಸಿಗೆ ಹೊದಿಕೆ, ಆಳುಕಾಳು, ಖರ್ಚುವೆಚ್ಚ ಎಲ್ಲವೂ ಅವರ ಕೈಕೆಳಗೆ ಬಂದವು.

ಆ ಕಾಲದ ದೊಡ್ಡ ಆಸ್ಪತ್ರೆಗಳ ಸ್ಥಿತಿಯನ್ನು ನಾವು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ದಾನಿಗಳ ಔದಾರ್ಯಕ್ಕೆ ಕೊರತೆ ಇರಲಿಲ್ಲ. ಭವ್ಯವಾದ ಕಟ್ಟಡಗಳಿದ್ದವು, ವೈದ್ಯರಿದ್ದರು, ಗುರುಗಳಿದ್ದರು. ಇಲ್ಲದಿದ್ದುದು ರೋಗಿಯ ಮಗ್ಗುಲಲ್ಲಿ ನಿಲ್ಲುವ ಮನುಷ್ಯ. ಶುಶ್ರೂಷೆಯು ಬೇರೆಲ್ಲಿಯೂ ಕೆಲಸ ಸಿಗದವರ ಪಾಲಿಗೆ ಬಿದ್ದಿತ್ತು. ತಪ್ಪಿಗೆ ಶಿಕ್ಷೆಯಾಗಿ ಅಲ್ಲಿಗೆ ಕಳುಹಿಸಲ್ಪಟ್ಟವರೂ ಅವರಲ್ಲಿದ್ದರು. ಎದ್ದು ಕುಳಿತುಕೊಳ್ಳಲಾರದವನ ಮುಂದೆ ಗಂಜಿಯ ಬಟ್ಟಲು ಇಟ್ಟು ಹೋಗುವುದು, ಹಾಸಿಗೆ ಹೊಲಸಾದರೂ ಬದಲಿಸದಿರುವುದು, ಸಾಯುವವನು ನೀರಿಗಾಗಿ ಕೂಗಿದರೂ ಓಗೊಡದಿರುವುದು ಸಾಮಾನ್ಯವಾಗಿತ್ತು. ಪೂರ್ತಿ ಪ್ರಾಣ ಹೋಗುವ ಮುನ್ನವೇ ಕೆಲವರನ್ನು ಹೂಳಲು ಸಾಗಿಸಿದ್ದೂ ಉಂಟು. ಕಮಿಲ್ಲಸರು ಇದನ್ನೆಲ್ಲ ಮೇಜಿನ ಹಿಂದೆ ಕುಳಿತು ತಿಳಿದವರಲ್ಲ. ಅದೇ ಹಾಸಿಗೆಯಲ್ಲಿ ಮಲಗಿ ಅನುಭವಿಸಿದವರು.

ಅವರು ಮೊದಲು ಹಿಡಿದದ್ದು ಶಿಸ್ತಿನ ದಾರಿ. ಹೊತ್ತುಹೊತ್ತಿಗೆ ಆಹಾರ, ಹೊತ್ತುಹೊತ್ತಿಗೆ ಔಷಧ, ಯಾರ ಸರದಿ ಯಾವಾಗ ಎಂಬ ನಿಯಮ. ನಡುರಾತ್ರಿಯಲ್ಲಿ ಯಾರಿಗೂ ತಿಳಿಸದೆ ರೋಗಿಗಳ ಸಾಲುಗಳ ನಡುವೆ ಸುತ್ತಿ ಬರುತ್ತಿದ್ದರು. ಮಲಗಿದ್ದ ಆಳನ್ನು ಎಬ್ಬಿಸುವರು, ಕದ್ದವನನ್ನು ಹಿಡಿಯುವರು. ದಂಡಿನಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ವ್ಯವಸ್ಥೆಯೂ ಬಹುಮಟ್ಟಿಗೆ ಸುಧಾರಿಸಿತು. ಆದರೆ ಅವರು ಬೆನ್ನು ತಿರುಗಿಸಿದ ಕೂಡಲೇ ಎಲ್ಲವೂ ಮೊದಲಿನಂತೆಯೇ. ಕಣ್ಗಾವಲಿನಿಂದ ಕೆಲಸ ತೆಗೆಯಬಹುದು, ಕರುಣೆಯನ್ನು ತೆಗೆಯಲಾಗದು. ಇದು ಮೂರು ವರ್ಷಗಳ ಪಾರುಪತ್ಯ ಅವರಿಗೆ ಕಲಿಸಿದ ಪಾಠ.

1582ರ ಆಗಸ್ಟ್ ತಿಂಗಳು, ದೇವಮಾತೆಯ ಸ್ವರ್ಗಾರೋಹಣದ ಹಬ್ಬದ ಸುಮಾರಿಗೆ, ರಾತ್ರಿ ರೋಗಿಗಳ ನಡುವೆ ಕುಳಿತಿದ್ದಾಗ ಅವರಿಗೆ ಒಂದು ಯೋಚನೆ ಹೊಳೆಯಿತು. ಕೂಲಿಗಾಗಿ ಅಲ್ಲದೆ ದೇವಪ್ರೀತಿಗಾಗಿ, ತಾಯಿ ತನ್ನ ಮಗುವನ್ನು ನೋಡಿಕೊಳ್ಳುವಂತೆ ರೋಗಿಯನ್ನು ನೋಡಿಕೊಳ್ಳುವ ಕೆಲವರ ಗುಂಪನ್ನು ಕಟ್ಟಬೇಕು. ಆಸ್ಪತ್ರೆಯ ಕೆಲಸಗಾರರಲ್ಲಿಯೇ ಐವರು ಅವರ ಜೊತೆಗೂಡಿದರು. ಅವರಲ್ಲಿ ಒಬ್ಬರು ಗುರುಗಳು, ಮಿಕ್ಕವರು ಸಾಮಾನ್ಯ ನೌಕರರು.

ಸಂಸ್ಥೆಯೊಳಗೆ ಇನ್ನೊಂದು ಸಂಸ್ಥೆ ಹುಟ್ಟುವುದನ್ನು ಯಾವ ಆಡಳಿತ ಮಂಡಳಿಯೂ ಸುಲಭವಾಗಿ ಸಹಿಸದು. ಇವರು ಆಸ್ಪತ್ರೆಯನ್ನೇ ವಶಮಾಡಿಕೊಳ್ಳುವರೆಂಬ ಶಂಕೆ ಹುಟ್ಟಿತು. ಅವರು ಪ್ರಾರ್ಥನೆಗೆ ಸೇರುತ್ತಿದ್ದ ಕೋಣೆಯನ್ನು ಮುಚ್ಚಿಸಲಾಯಿತು. ಮನನೊಂದ ಕಮಿಲ್ಲಸರಿಗೆ ಶಿಲುಬೆಯ ಮೇಲಿನ ಪ್ರಭುವೇ ಕೈಚಾಚಿ ಧೈರ್ಯ ಹೇಳಿದಂತಾಯಿತೆಂಬುದು ಅವರ ಜೀವನಚರಿತ್ರೆಗಳಲ್ಲಿ ಬರುವ ಪ್ರಸಿದ್ಧ ಪ್ರಸಂಗ. ಅವರ ಆಧ್ಯಾತ್ಮಿಕ ಗುರುಗಳಾಗಿದ್ದವರು ಸ್ವತಃ ಸಂತ ಫಿಲಿಪ್ ನೇರಿಯವರು. ಅವರೂ ಈ ಸಾಹಸಕ್ಕೆ ಒಪ್ಪಿಗೆ ಕೊಡಲಿಲ್ಲ. ಓದು ಬಾರದ ಮಾಜಿ ಸಿಪಾಯಿಯೊಬ್ಬನು ಜನರನ್ನು ಮುನ್ನಡೆಸಲು ತಕ್ಕವನಲ್ಲವೆಂದು ಅವರು ಭಾವಿಸಿದರು. ಇಬ್ಬರು ಸಂತರ ನಡುವೆಯೂ ಇಂಥ ಭಿನ್ನಾಭಿಪ್ರಾಯ ಬರಬಹುದೆಂಬುದನ್ನು ನಾವು ಗಮನಿಸಬೇಕು.

ಓದು ಬಾರದೆಂಬ ಆಕ್ಷೇಪಕ್ಕೆ ಕಮಿಲ್ಲಸರು ಕೊಟ್ಟ ಉತ್ತರ ಮಾತಿನದಲ್ಲ. ಮೂವತ್ತೆರಡನೆಯ ವಯಸ್ಸಿನಲ್ಲಿ ಅವರು ಯೇಸುಸಭೆಯವರ ರೋಮನ್ ಕಾಲೇಜಿಗೆ ಹೋಗಿ ಚಿಕ್ಕ ಹುಡುಗರ ಸಾಲಿನಲ್ಲಿ ಕುಳಿತು ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದರು. 1584ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ದೀಕ್ಷೆ ಕೊಟ್ಟವರು ಮತಕಲಹದಿಂದಾಗಿ ತಮ್ಮ ಧರ್ಮಪ್ರಾಂತ್ಯವನ್ನು ಕಳೆದುಕೊಂಡು ರೋಮಿನಲ್ಲಿ ನೆಲೆಸಿದ್ದ ವೇಲ್ಸ್ ಸೀಮೆಯ ಧರ್ಮಾಧ್ಯಕ್ಷ ಥಾಮಸ್ ಗೋಲ್ಡ್‌ವೆಲ್ ಅವರು. ಅದೇ ವರ್ಷ ಕಮಿಲ್ಲಸರು ಪಾರುಪತ್ಯವನ್ನು ಬಿಟ್ಟುಕೊಟ್ಟು, ಸೆಪ್ಟೆಂಬರ್ 8ರಂದು, ದೇವಮಾತೆಯ ಜನನದ ಹಬ್ಬದ ದಿನ, ಮೊದಲ ಸಂಗಡಿಗರೊಡನೆ ಹೊಸ ಬಾಳನ್ನು ಆರಂಭಿಸಿದರು.

ಪ್ರೀತಿಗೆ ಬರೆದ ನಿಯಮಾವಳಿ

ಕಮಿಲ್ಲಸರು ಮತ್ತು ಸಂಗಡಿಗರು ಪ್ರತಿನಿತ್ಯ ಹೋಗುತ್ತಿದ್ದುದು ಟೈಬರ್ ನದಿಯ ದಡದ ಪವಿತ್ರಾತ್ಮರ ಆಸ್ಪತ್ರೆಗೆ. ಈ ಕಾಲದಲ್ಲಿಯೇ ಕಮಿಲ್ಲಸರು ರೋಗಿಗಳ ಸೇವೆಗೆ ಒಂದು ನಿಯಮಾವಳಿಯನ್ನು ಬರೆದರು. ಶುಶ್ರೂಷೆ ಮಾಡುವವನು ಮೊದಲು ದೇವರಲ್ಲಿ ತಾಯಿಯ ಮಮತೆಯನ್ನು ಬೇಡಿಕೊಳ್ಳಬೇಕು ಎಂಬುದು ಅದರ ತಿರುಳು. ಆದರೆ ಮಮತೆಯೊಂದನ್ನೇ ಬರೆದು ಅವರು ಲೇಖನಿ ಕೆಳಗಿಡಲಿಲ್ಲ. ರೋಗಿಗೆ ಹೇಗೆ ಉಣಿಸಬೇಕು, ಹಾಸಿಗೆಯನ್ನು ಹೇಗೆ ಸರಿಪಡಿಸಬೇಕು, ಒರಟುಮಾತು ಆಡದಿರುವುದು ಹೇಗೆ, ಮರಣಾವಸ್ಥೆಯಲ್ಲಿರುವವನ ಬಳಿ ಹೇಗೆ ಇರಬೇಕು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಉಸಿರು ನಿಂತಂತೆ ಕಂಡ ಮೇಲೂ ಕಾಲು ಗಂಟೆಯ ಕಾಲ ಮುಖ ಮುಚ್ಚದೆ ಪ್ರಾರ್ಥಿಸುತ್ತಿರಬೇಕೆಂದು ಅವರು ವಿಧಿಸಿದರು. ಅದರಿಂದ ಆತ್ಮಕ್ಕೆ ಪ್ರಾರ್ಥನೆಯ ನೆರವು, ದೇಹಕ್ಕೆ ಜೀವಂತ ಸಮಾಧಿಯಿಂದ ರಕ್ಷಣೆ. ಒಂದೇ ನಿಯಮದಲ್ಲಿ ಭಕ್ತಿಯೂ ವಿವೇಕವೂ ಬೆರೆತಿರುವುದನ್ನು ನೋಡಿ ನಾವು ಬೆರಗಾಗುತ್ತೇವೆ. ಕೋಣೆಗೆ ಗಾಳಿ ಬೆಳಕು, ರೋಗಕ್ಕೆ ತಕ್ಕ ಪಥ್ಯ, ಸೋಂಕುರೋಗಿಗಳಿಗೆ ಬೇರೆ ಜಾಗ, ಇವುಗಳಿಗೂ ಅವರು ಒತ್ತು ಕೊಟ್ಟರೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ರೋಗಾಣುಗಳ ವಿಚಾರ ವಿಜ್ಞಾನಕ್ಕೆ ತಿಳಿಯಲು ಇನ್ನೂ ಸುಮಾರು ಮುನ್ನೂರು ವರ್ಷ ಬಾಕಿಯಿತ್ತು.

1586ರಲ್ಲಿ ಜಗದ್ಗುರು ಐದನೆಯ ಸಿಕ್ಸ್ತುಸರು ಈ ಗುಂಪಿಗೆ ಮನ್ನಣೆ ನೀಡಿದರು. ಕಪ್ಪು ನಿಲುವಂಗಿಯ ಮೇಲೆ ಕೆಂಪು ಶಿಲುಬೆಯನ್ನು ಧರಿಸಲು ಅದೇ ವರ್ಷ ಅನುಮತಿಯಿತ್ತರು. ತಾಯಿ ಕಂಡ ಕನಸಿನ ಅರ್ಥ ಆಗ ತಿಳಿಯಿತು. 1863ರಲ್ಲಿ ಜಿನೀವದಲ್ಲಿ ಹುಟ್ಟಿದ ರೆಡ್ ಕ್ರಾಸ್ ಸಂಸ್ಥೆಯ ಲಾಂಛನ ಇದರಿಂದ ಬಂದುದಲ್ಲ. ಆದರೂ ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಕೆಂಪು ಶಿಲುಬೆಯ ಗುರುತು ಕಂಡರೆ ರೋಗಿಗೆ ನೆರವು ಬಂದಿತೆಂದೇ ಜನ ತಿಳಿಯುತ್ತಿದ್ದರು. 1588ರಲ್ಲಿ ನೇಪಲ್ಸಿನಲ್ಲಿ ಎರಡನೆಯ ಮನೆ ತೆರೆಯಿತು. ಸೋಂಕು ತಗುಲಿದ ನಾವಿಕರು ತುಂಬಿದ್ದ ಹಡಗುಗಳನ್ನು ಬಂದರಿಗೆ ಸೇರಿಸದೆ ದೂರವಿರಿಸಿದ್ದಾಗ, ಕಮಿಲ್ಲಸರ ಸಂಗಡಿಗರು ಆ ಹಡಗುಗಳನ್ನೇ ಹತ್ತಿ ಸೇವೆ ಮಾಡಿದರು. ಇಬ್ಬರು ಅಲ್ಲಿಯೇ ಪ್ರಾಣತೆತ್ತರು. 1591ರಲ್ಲಿ ಜಗದ್ಗುರು ಹದಿನಾಲ್ಕನೆಯ ಗ್ರೆಗೊರಿಯವರು ಇದನ್ನು ಪೂರ್ಣ ಸನ್ಯಾಸಸಭೆಯಾಗಿ ಏರಿಸಿದರು. ಆ ವರ್ಷದ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಕಮಿಲ್ಲಸರೂ ಅವರ ಸಂಗಡಿಗರೂ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ನಾಲ್ಕನೆಯ ವ್ರತವೊಂದನ್ನು ಕೈಗೊಂಡರು. ಪ್ರಾಣಕ್ಕೆ ಅಪಾಯವಿದ್ದರೂ, ಪ್ಲೇಗು ಹಬ್ಬಿದ್ದರೂ, ರೋಗಿಗಳನ್ನು ಬಿಟ್ಟು ಹೋಗೆವೆಂಬುದೇ ಆ ವ್ರತ.

1598ರ ಕ್ರಿಸ್ತಜಯಂತಿಯ ಸಮಯದಲ್ಲಿ ಟೈಬರ್ ನದಿ ಹಿಂದೆಂದೂ ಕಾಣದಂತೆ ಉಕ್ಕಿ ರೋಮ್ ನಗರವನ್ನು ಮುಳುಗಿಸಿತು. ನೀರು ಆಸ್ಪತ್ರೆಯ ಒಳಗೆ ನುಗ್ಗುವ ಹೊತ್ತಿಗೆ ಕಮಿಲ್ಲಸರು ತಮ್ಮ ಹುಣ್ಣಿನ ಕಾಲಿನಲ್ಲಿಯೇ ನಿಂತು, ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಹೊತ್ತು ಮೇಲಂತಸ್ತಿಗೆ ಸಾಗಿಸಿದರು. ಈ ದೃಶ್ಯವನ್ನು ಮುಂದೆ ಫ್ರೆಂಚ್ ಕಲಾವಿದ ಪಿಯೆರ್ ಸುಬ್ಲೆರಾ ಚಿತ್ರದಲ್ಲಿ ಮೂಡಿಸಿದನು.

ಸೇವೆಗೆ ಮೇರೆ ಯಾವುದು?

ಇಷ್ಟರವರೆಗಿನ ಕಥೆ ಏರುವ ಕಥೆ. ಇನ್ನು ಮುಂದಿನ ಕಥೆಯನ್ನು ಜೀವನಚರಿತ್ರೆಗಳು ಸಾಮಾನ್ಯವಾಗಿ ಬೇಗ ಮುಗಿಸಿಬಿಡುತ್ತವೆ. ನಮಗಾದರೋ ಅದೇ ಹೆಚ್ಚು ಬೋಧಪ್ರದವಾಗಿ ಕಾಣುತ್ತದೆ.

1594ರಲ್ಲಿ ಕಮಿಲ್ಲಸರು ಮಿಲಾನ್ ನಗರದ ಮಹಾ ಆಸ್ಪತ್ರೆಗೆ ಕಾಲಿಟ್ಟರು. ಅಲ್ಲಿನ ರೋಗಿಗಳ ಸಂಖ್ಯೆಯನ್ನೂ ಅವರ ಅವಸ್ಥೆಯನ್ನೂ ಕಂಡು ಅವರ ಮನಸ್ಸು ಕರಗಿತು. ಆ ತನಕ ಸಭೆಯವರು ಆಸ್ಪತ್ರೆಗೆ ಭೇಟಿಯಿತ್ತು, ಸೇವೆ ಸಲ್ಲಿಸಿ, ತಮ್ಮ ಮನೆಗೆ ಮರಳುತ್ತಿದ್ದರು. ಇನ್ನು ಮುಂದೆ ಆಸ್ಪತ್ರೆಯಲ್ಲಿಯೇ ವಾಸವಿದ್ದು, ಕಸ ಗುಡಿಸುವುದು ಮೊದಲ್ಗೊಂಡು ಪೂಜಾಸೇವೆಯ ತನಕ ಸಂಪೂರ್ಣ ಹೊಣೆಯನ್ನು ವಹಿಸಿಕೊಳ್ಳಬೇಕೆಂದು ಅವರು ತೀರ್ಮಾನಿಸಿದರು. ಸಲಹಾ ಮಂಡಳಿಯವರು ಒಪ್ಪಲಿಲ್ಲ. ಅವರ ಆಕ್ಷೇಪಣೆಗಳನ್ನು ಸ್ವಾರ್ಥದ ಮಾತೆಂದು ತಳ್ಳಿಹಾಕುವಂತಿಲ್ಲ. ಆಸ್ಪತ್ರೆಯ ಒಡೆತನ ಬೇರೆಯವರದು. ಅವರ ಅಪ್ಪಣೆಗೂ ಸಭಾಶ್ರೇಷ್ಠರ ಅಪ್ಪಣೆಗೂ ವಿರೋಧ ಬಂದರೆ ಸನ್ಯಾಸಿ ಯಾರ ಮಾತು ಕೇಳಬೇಕು? ಪ್ಲೇಗಿಗೂ ಜ್ವರಕ್ಕೂ ತರುಣರು ಬಲಿಯಾಗುತ್ತಲೇ ಇರುವಾಗ, ಹೊಸಬರಿಗೆ ತರಬೇತಿ ಕೊಡುವವರಾರು? ಪ್ರಾರ್ಥನೆಗೂ ವಿಶ್ರಾಂತಿಗೂ ಎಡೆಯಿಲ್ಲದಾದರೆ ಕರುಣೆ ಎಷ್ಟು ಕಾಲ ಉಳಿದೀತು? ಸಾಲವನ್ನು ತೀರಿಸುವವರಾರು?

ಕಮಿಲ್ಲಸರ ಉತ್ತರವೂ ಹಗುರವಾದುದಲ್ಲ. ರೋಗಿಗೆ ನೋವು ಬರುವುದು ಭೇಟಿಯ ಹೊತ್ತನ್ನು ನೋಡಿಕೊಂಡಲ್ಲ. ಅರ್ಧ ಹೊಣೆ ಹೊತ್ತವನು ಉಳಿದರ್ಧ ಕೆಟ್ಟಾಗ ಏನು ಮಾಡಬಲ್ಲ? ಪಾರುಪತ್ಯಗಾರರಾಗಿದ್ದಾಗ ಕಂಡುಂಡುದು ಅವರನ್ನು ಹೀಗೆ ಹಟ ಹಿಡಿಯುವಂತೆ ಮಾಡಿತು.

ವಿವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ ಸಭೆಯ ಮಹಾಸಮ್ಮೇಳನದಲ್ಲಿ ಚರ್ಚೆಯಾಗಿ, 1600ರ ಕೊನೆಯಲ್ಲಿ ಜಗದ್ಗುರು ಎಂಟನೆಯ ಕ್ಲೆಮೆಂಟರ ಶಾಸನದಿಂದ ಒಂದು ಹೊಂದಾಣಿಕೆಯಾಯಿತು. ರೋಗಿಗಳ ದೇಹ ಮತ್ತು ಆತ್ಮ ಎರಡರ ಸೇವೆಯೂ ಹಗಲಿರುಳು ಸಭೆಯ ಕಾರ್ಯವೆಂದು ಸ್ಥಿರಪಟ್ಟಿತು. ಆದರೆ ಮನೆಗಳ ಸಂಖ್ಯೆ ಬೆಳೆದಂತೆ ಸಾಲವೂ ಬೆಳೆಯಿತು. ಕಮಿಲ್ಲಸರು ನಾಳಿನ ಚಿಂತೆಯನ್ನು ದೇವರಿಗೆ ಬಿಟ್ಟು ಕರೆಬಂದಲ್ಲೆಲ್ಲ ಓಡಿದವರು. ಅವರ ಧಾರಾಳವು ಸಭೆಯ ಬೊಕ್ಕಸಕ್ಕೆ ಮೀರಿದ್ದಾಗಿತ್ತೆಂಬುದನ್ನು ಮುಚ್ಚಿಡಬೇಕಾದುದೇನಿಲ್ಲ. ಸಂತರೆಂದ ಮಾತ್ರಕ್ಕೆ ಲೆಕ್ಕ ತಪ್ಪಬಾರದೆಂದಿಲ್ಲವಷ್ಟೆ!

1607ರ ಅಕ್ಟೋಬರ್‌ನಲ್ಲಿ, ಜಗದ್ಗುರು ಐದನೆಯ ಪೌಲರ ಕಾಲದಲ್ಲಿ, ಕಮಿಲ್ಲಸರು ಸಭಾಶ್ರೇಷ್ಠರ ಪದವಿಯನ್ನು ತ್ಯಜಿಸಿದರು. ತಾವೇ ಹುಟ್ಟುಹಾಕಿದ ಸಂಸ್ಥೆಯ ಅಧಿಕಾರವನ್ನು ತಾವು ಬದುಕಿರುವಾಗಲೇ ಇತರರ ಕೈಗೆ ಒಪ್ಪಿಸುವುದು ಯಾವ ಸಂಸ್ಥಾಪಕರಿಗೂ ಸುಲಭವಲ್ಲ. ಅವರು ದೂರ ಸರಿದು ಮುನಿಸಿಕೊಂಡು ಕೂರಲಿಲ್ಲ. ಇಪ್ಪತ್ತೆಂಟು ವರ್ಷಗಳ ಹಿಂದೆ ಎಲ್ಲಿ ಆರಂಭಿಸಿದ್ದರೋ ಅಲ್ಲಿಗೇ, ಆಸ್ಪತ್ರೆಯ ಹಾಸಿಗೆಗಳ ಸಾಲಿಗೇ, ಸಾಮಾನ್ಯ ಶುಶ್ರೂಷಕರಾಗಿ ಮರಳಿದರು. ಅವರ ಕಾಲದಲ್ಲಿ ಸಭೆಗೆ ಹದಿನೈದು ಮನೆಗಳೂ ಎಂಟು ಆಸ್ಪತ್ರೆಗಳೂ ಆಗಿದ್ದವೆಂದು ತಿಳಿದುಬರುತ್ತದೆ. ಹಂಗೆರಿ, ಕ್ರೊವೇಷಿಯಗಳ ಯುದ್ಧಭೂಮಿಗೂ 1595 ಮತ್ತು 1601ರಲ್ಲಿ ಅವರ ಶಿಷ್ಯರು ಗಾಯಾಳುಗಳ ಸೇವೆಗೆ ಹೋಗಿದ್ದರು. ಇಷ್ಟನ್ನು ಕಟ್ಟಿದ ಕೈಗಳು ಕೊನೆಯಲ್ಲಿ ಮತ್ತೆ ಗಂಜಿಯ ಬಟ್ಟಲನ್ನೇ ಹಿಡಿದವು.

ಕಾಲಿನ ಹುಣ್ಣು ನಲವತ್ತಾರು ವರ್ಷ ಅವರನ್ನು ಬಿಡಲಿಲ್ಲ. ನಿಲ್ಲಲಾಗದ ದಿನಗಳಲ್ಲಿಯೂ ಹಾಸಿಗೆಯಿಂದ ಹಾಸಿಗೆಗೆ ತೆವಳಿಕೊಂಡು ಹೋಗಿ ಯಾರಿಗೆ ಏನು ಬೇಕೆಂದು ವಿಚಾರಿಸುತ್ತಿದ್ದರು. 1613ರಲ್ಲಿ ಹೊಸ ಸಭಾಶ್ರೇಷ್ಠರೊಡನೆ ಇಟಲಿಯ ಮನೆಗಳನ್ನೆಲ್ಲ ಕೊನೆಯ ಸಲ ನೋಡಿಬಂದರು. 1614ರ ಜುಲೈ 14ರಂದು ರೋಮಿನಲ್ಲಿ, ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ಪ್ರಭುವಿನ ಸನ್ನಿಧಿ ಸೇರಿದರು. ಮರುವರ್ಷವೇ ಅವರ ಒಡನಾಡಿ ಸಾಂಜಿಯೊ ಚಿಕಾತೆಲ್ಲಿಯವರು ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. 1746ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಅವರನ್ನು ಸಂತರ ಶ್ರೇಣಿಗೆ ಸೇರಿಸಿದರು. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೊ ಅವರು ಅವರನ್ನೂ ದೇವರ ಸಂತ ಜಾನರನ್ನೂ ರೋಗಿಗಳ ಹಾಗೂ ಆಸ್ಪತ್ರೆಗಳ ಪಾಲಕರೆಂದು ಸಾರಿದರು. 1930ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರು ದಾದಿಯರ ಪಾಲಕ ಪದವಿಯನ್ನೂ ಅವರಿಗೆ ಸೇರಿಸಿದರು.

ನಮಗೆ ಉಳಿದ ಪಾಠ

1886ನೆಯ ಇಸವಿ ಕನ್ನಡನಾಡಿನ ನಮಗೆ ಇನ್ನೊಂದು ಕಾರಣದಿಂದಲೂ ನೆನಪಿನಲ್ಲಿರಬೇಕು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದದ್ದು ಅದೇ ವರ್ಷ. ಅದಕ್ಕೆ ಆರು ವರ್ಷ ಮೊದಲೇ, 1880ರಲ್ಲಿ, ಮಂಗಳೂರಿನಲ್ಲಿ ಯೇಸುಸಭೆಯ ಫಾದರ್ ಮುಲ್ಲರರು ಬಡವರಿಗೆ ಹೋಮಿಯೋಪಥಿ ಔಷಧ ಹಂಚಲಾರಂಭಿಸಿದ್ದರು. 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಹುಟ್ಟಿತು. ಮುಂದೆ ಕಮಿಲ್ಲಸರ ಸಭೆಯವರೇ ಬೆಂಗಳೂರಿಗೆ ಬಂದು, 1997ರಲ್ಲಿ ಸ್ನೇಹದಾನವೆಂಬ ಮನೆಯನ್ನು ತೆರೆದು, ಜನ ಮುಟ್ಟಲೂ ಅಂಜುತ್ತಿದ್ದ ಏಡ್ಸ್ ರೋಗಿಗಳನ್ನು ಆರೈಕೆ ಮಾಡಿದರು. 2020ರಲ್ಲಿ ಕೋವಿಡ್ ಮಹಾಮಾರಿ ಬಂದು ಹತ್ತಿರದ ಬಂಧುಗಳೂ ರೋಗಿಯ ಬಳಿ ಹೋಗಲಾಗದೆ ನಿಂತಾಗ, ಆ ನಾಲ್ಕನೆಯ ವ್ರತದ ಬೆಲೆಯೇನೆಂದು ನಮಗೆಲ್ಲರಿಗೂ ತಿಳಿಯಿತು.

ಇಂದು ಆಸ್ಪತ್ರೆಗಳ ಆಡಳಿತವೇ ಒಂದು ವಿದ್ಯೆಯಾಗಿ ಬೆಳೆದಿದೆ. ಮುಂದಿನ ವರ್ಷಗಳ ಯೋಜನೆ, ಸಿಬ್ಬಂದಿಯ ತರಬೇತಿ, ಆಯವ್ಯಯದ ಅಂದಾಜು, ಗುಣಮಟ್ಟದ ಪರಿಶೀಲನೆ ಇವುಗಳನ್ನು ಬಿಟ್ಟು ಯಾವ ಸಂಸ್ಥೆಯೂ ನಡೆಯಲಾರದು. ಇವನ್ನು ಕಂಡು ಸೇವೆ ವ್ಯಾಪಾರವಾಯಿತೆಂದು ಮರುಗುವವರಿದ್ದಾರೆ. ಸೇವೆಯ ಹೆಸರಿನಲ್ಲಿ ಇವನ್ನು ಕಡೆಗಣಿಸುವವರೂ ಇದ್ದಾರೆ. ಕಮಿಲ್ಲಸರ ಬದುಕು ಇಬ್ಬರಿಗೂ ಉತ್ತರ ಹೇಳುತ್ತದೆ. ಶಿಸ್ತಿಲ್ಲದ ಮಮತೆ ರೋಗಿಯನ್ನು ಹಸಿದಿರಿಸುತ್ತದೆ. ಮಮತೆಯಿಲ್ಲದ ಶಿಸ್ತು ಮೇಲ್ವಿಚಾರಕನು ಬೆನ್ನು ತಿರುಗಿಸುವ ತನಕ ಮಾತ್ರ ನಿಲ್ಲುತ್ತದೆ. ತನ್ನ ಶಕ್ತಿಯ ಮೇರೆಯನ್ನು ಅರಿಯದ ಸೇವೆ ಸಾಲಕ್ಕೆ ಬೀಳುತ್ತದೆ. ಮೇರೆಯನ್ನೇ ನೆಪಮಾಡಿಕೊಂಡ ಸೇವೆ ನಡುರಾತ್ರಿಯ ಕೂಗಿಗೆ ಓಗೊಡುವುದಿಲ್ಲ. ಇವೆರಡರ ನಡುವಿನ ದಾರಿಯನ್ನು ಅವರು ಸುಲಭವಾಗಿ ಕಂಡುಕೊಂಡವರಲ್ಲ. ಜಗಳವಾಡಿ, ಸೋತು, ಬಾಗಿ, ಕೊನೆಗೆ ಅಧಿಕಾರವನ್ನೇ ಬಿಟ್ಟುಕೊಟ್ಟು ಕಂಡುಕೊಂಡರು.

ಪ್ರತಿ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆ ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. 1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಇದನ್ನು ಸ್ಥಾಪಿಸಿದರು. ಅಂದು ನಾವು ರೋಗಿಗಳಿಗಾಗಿ ಪ್ರಾರ್ಥಿಸುವಾಗ, ಅವರ ಹಾಸಿಗೆಯ ಹೊದಿಕೆಯನ್ನು ಎಣಿಸಿಡುವವರನ್ನೂ, ರಾತ್ರಿಪಾಳಿಯ ಪಟ್ಟಿ ಬರೆಯುವವರನ್ನೂ, ಅಡುಗೆಮನೆಯ ಲೆಕ್ಕ ನೋಡುವವರನ್ನೂ ನೆನೆಯೋಣ. ಅವರ ಕೆಲಸವನ್ನೇ ಮಾಡಿ ಸಂತರಾದವರೊಬ್ಬರು ಸ್ವರ್ಗದಲ್ಲಿ ಅವರಿಗಾಗಿ ಬಿನ್ನಹ ಮಾಡುತ್ತಿದ್ದಾರೆ. ಸಂತ ಕಮಿಲ್ಲಸರೇ, ನಮ್ಮ ರೋಗಿಗಳಿಗಾಗಿಯೂ ಅವರನ್ನು ನೋಡಿಕೊಳ್ಳುವವರಿಗಾಗಿಯೂ ಪ್ರಾರ್ಥಿಸಿರಿ.